ಹಳೆಯ ಟ್ರಕ್ಕಿಗೆ ಪ್ರೊಪೇನ್ ಒಗ್ಗಿಸುವ ಕೈಚಳಕ

ಅಮೆರಿಕದ ಕಾನ್ಸಸ್, ಒಕ್ಲಹೋಮಾ ಕಡೆಯ ಹೊಲಮನೆಗಳ ಅಂಗಳದಲ್ಲಿ ಉದ್ದನೆಯ ಬಿಳಿ ಟ್ಯಾಂಕೊಂದು ಮಲಗಿರುತ್ತದೆ. ಒಳಗಿರುವುದು ಪ್ರೊಪೇನ್. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಅದೇ, ಕೊಯ್ಲಾದ ಮೆಕ್ಕೆಜೋಳ ಒಣಗಿಸಲೂ ಅದೇ. ಇಷ್ಟೊಂದು ಇಂಧನ ಅಂಗಳದಲ್ಲೇ ಇರುವಾಗ ಟ್ರಕ್ಕಿಗೂ ಅದನ್ನೇ ಹಾಕಿದರೇನು ಎಂದು ಅಲ್ಲಿನ ರೈತರಿಗೆ ಅನ್ನಿಸಿದ್ದು ಸಹಜ. ಮಿನಿಯಾಪೊಲಿಸ್-ಮೋಲೀನ್ ಕಂಪನಿ 1941ರ ಹೊತ್ತಿಗೇ ಈ ಅನಿಲದಿಂದ ಓಡುವ ಟ್ರ್ಯಾಕ್ಟರನ್ನು ಕಾರ್ಖಾನೆಯಿಂದಲೇ ಹೊರತಂದಿತ್ತು. 1950ರ ದಶಕದಲ್ಲಿ ಚಿಕಾಗೋ ನಗರ ಸಾರಿಗೆಯ ನೂರಾರು ಬಸ್ಸುಗಳು ಪ್ರೊಪೇನ್‌ನಿಂದ ಓಡಿದವು. ಅವೆಲ್ಲ ಅದಕ್ಕೆಂದೇ ತಯಾರಾದ ಬಂಡಿಗಳು. ಪೆಟ್ರೋಲಿಗೆಂದು ಹುಟ್ಟಿ, ದಶಕಗಟ್ಟಲೆ ದುಡಿದ ಎಂಜಿನ್ನನ್ನು ಹೊಸ ಇಂಧನಕ್ಕೆ ಒಗ್ಗಿಸುವುದು ಬೇರೆಯೇ ವಿದ್ಯೆ. ನನಗೆ ಬಹಳ ಮೆಚ್ಚುಗೆ ಇರುವುದು ಆ ವಿದ್ಯೆ ಬಲ್ಲ ಮೆಕ್ಯಾನಿಕ್‌ಗಳ ಬಗ್ಗೆ.

ಉದಾಹರಣೆಗೆ ಫೋರ್ಡ್ ಕಂಪನಿಯ 300 ಎಂಬ ಆರು ಸಿಲಿಂಡರ್ ಎಂಜಿನ್ ತೆಗೆದುಕೊಳ್ಳಿ. 4.9 ಲೀಟರ್, ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿ. 1965ರಿಂದ 1996ರವರೆಗೆ ತಯಾರಾಯಿತು. ಪಿಕಪ್ ಟ್ರಕ್ಕಿನಲ್ಲಿ, ಜನರೇಟರಿನಲ್ಲಿ, ನೀರಾವರಿ ಪಂಪಿನಲ್ಲಿ ದುಡಿಯಿತು. ಗಡಿಬಿಡಿಯಿಲ್ಲದ, ಕಡಿಮೆ ವೇಗದಲ್ಲೇ ಭಾರ ಎಳೆಯುವ ಎಂಜಿನ್. ಅದಕ್ಕೆ ಪ್ರೊಪೇನ್ ಕಿಟ್ ಕೂರಿಸುವುದೆಂದರೆ ಮುಖ್ಯವಾಗಿ ನಾಲ್ಕು ಸಾಮಾನು: ಟ್ಯಾಂಕು, ಅನಿಲ ತಡೆಯುವ ಲಾಕಾಫ್ ವಾಲ್ವ್, ಕನ್ವರ್ಟರ್, ಮಿಕ್ಸರ್.

ಟ್ಯಾಂಕಿನಲ್ಲಿ ಪ್ರೊಪೇನ್ ದ್ರವವಾಗಿರುತ್ತದೆ. ಅದು ಕುದಿಯುವುದು ಮೈನಸ್ 42 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಸಾಧಾರಣ ಹವೆಯಲ್ಲಿ ತನ್ನ ಒತ್ತಡದಿಂದಲೇ ಹೊರಗೆ ಬರಲು ಹವಣಿಸುತ್ತಿರುತ್ತದೆ, ಪಂಪು ಬೇಡ. ಬಿಸಿಗೆ ಹಿಗ್ಗಲು ಜಾಗ ಇರಲೆಂದು ಟ್ಯಾಂಕನ್ನು ಶೇ. 80ಕ್ಕಿಂತ ಹೆಚ್ಚು ತುಂಬುವುದಿಲ್ಲ. ಕನ್ವರ್ಟರಿಗೆ ಬಂದ ದ್ರವ ಅಲ್ಲಿ ಆವಿಯಾಗಿ ಸುಮಾರು 270 ಪಟ್ಟು ಹಿಗ್ಗುತ್ತದೆ. ಆವಿಯಾಗಲು ಶಾಖ ಬೇಕಲ್ಲ, ಅದನ್ನು ರೇಡಿಯೇಟರ್ ನೀರಿನಿಂದ ಕೊಡಿಸುತ್ತಾರೆ. ನೀರಿನ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೆ, ಬಿಸಿಲಿನ ದಿನದಲ್ಲೂ ಕನ್ವರ್ಟರಿನ ಮೈಮೇಲೆ ಬಿಳಿ ಹಿಮ ಕಟ್ಟುತ್ತದೆ. ಬಾನೆಟ್ ಎತ್ತಿದ ಕೂಡಲೇ ಆ ಹಿಮ ಕಂಡರೆ ಅನುಭವಸ್ಥ ಮೆಕ್ಯಾನಿಕ್ ಗ್ಯಾಸ್ ಪೈಪನ್ನು ಮುಟ್ಟುವುದೇ ಇಲ್ಲ, ಮೊದಲು ನೀರಿನ ಪೈಪಿಗೆ ಕೈ ಹಾಕುತ್ತಾನೆ.

ಈ ಕಿಟ್ಟಿನಲ್ಲಿ ನನ್ನನ್ನು ಬೆರಗುಗೊಳಿಸುವುದು ಮಿಕ್ಸರ್. ಇಂಪ್ಕೋ ಕಂಪನಿಯ ಮಿಕ್ಸರ್‌ಗಳನ್ನು ಅಮೆರಿಕದಲ್ಲಿ ವ್ಯಾಪಕವಾಗಿ ಬಳಸಿದ್ದಾರೆ. ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಿದರೆ ಒಳಗೆ ರಬ್ಬರಿನಂಥ ತೆಳು ಪರದೆ, ಅದಕ್ಕೆ ತೂಗಿಬಿದ್ದ ಗಾಳಿ ವಾಲ್ವ್, ಅದರ ನಡುವೆ ಮೊನೆಯಾಗುತ್ತ ಹೋಗುವ ಗ್ಯಾಸ್ ವಾಲ್ವ್, ಮೇಲೊಂದು ಸ್ಪ್ರಿಂಗ್. ಕಾರ್ಬುರೇಟರಿನಲ್ಲಿರುವಂಥ ಜೆಟ್ಟುಗಳ ಸಾಲಾಗಲಿ ಫ್ಲೋಟ್ ಆಗಲಿ ಚೋಕ್ ಆಗಲಿ ಇಲ್ಲ. ಎಂಜಿನ್ ಉಸಿರೆಳೆದಾಗ ಪರದೆ ಮೇಲೇಳುತ್ತದೆ, ಗಾಳಿಯ ದಾರಿ ತೆರೆದಷ್ಟೇ ಅಳತೆಯಲ್ಲಿ ಅನಿಲದ ದಾರಿಯೂ ತೆರೆಯುತ್ತದೆ. ಆ ಮೊನೆಯ ಆಕಾರದಲ್ಲೇ ಗಾಳಿ ಮತ್ತು ಅನಿಲದ ಲೆಕ್ಕವೆಲ್ಲ ಅಡಗಿದೆ: ಒಂದು ಕಿಲೋ ಪ್ರೊಪೇನ್‌ಗೆ 15.7 ಕಿಲೋ ಗಾಳಿ ಬೇಕು, ಪೆಟ್ರೋಲಿಗಾದರೆ 14.7. ಎಂಜಿನ್ ನಿಂತರೆ ಉಸಿರೂ ನಿಲ್ಲುತ್ತದೆ, ಆಗ ಲಾಕಾಫ್ ಮುಚ್ಚಿಕೊಳ್ಳುತ್ತದೆ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದರೆ ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುತ್ತದೆ. ಅದಕ್ಕೇ ಈ ಏರ್ಪಾಡು ಬಹಳ ಮುಖ್ಯ.

ಇನ್ನು ಲಾಭನಷ್ಟ. ಒಂದು ಲೀಟರ್ ಪ್ರೊಪೇನ್‌ನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮುಕ್ಕಾಲು ಭಾಗಕ್ಕೂ ತುಸು ಕಡಿಮೆ. ಪೆಟ್ರೋಲಿನಲ್ಲಿ ಲೀಟರಿಗೆ ಐದು ಕಿಲೋಮೀಟರ್ ಓಡುತ್ತಿದ್ದ ಟ್ರಕ್ಕು ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಅನಿಲವು ಸಿಲಿಂಡರಿಗೆ ಹೋಗಬೇಕಾದ ಗಾಳಿಯ ಜಾಗವನ್ನು ತಾನೇ ಕಬಳಿಸುವುದರಿಂದ ಎಳೆತವೂ ಸ್ವಲ್ಪ ಸೋಲುತ್ತದೆ. ಸುಮ್ಮನೆ ಕಿಟ್ ಕೂರಿಸಿ ಟ್ರಕ್ಕನ್ನು ರಸ್ತೆಗೆ ಬಿಟ್ಟವರಿಗೆ ಕಾಣುವುದು ಈ ನಷ್ಟ ಮಾತ್ರ. ಪ್ರೊಪೇನ್‌ಗೆ ಕೆಟ್ಟ ಹೆಸರು ಬಂದದ್ದು ಬಹುಮಟ್ಟಿಗೆ ಇಂಥ ಅರೆಬರೆ ಕೆಲಸದಿಂದ ಎಂಬುದು ನನ್ನ ಅಭಿಪ್ರಾಯ.

ಕಸುಬು ಬಲ್ಲವರು ಅಲ್ಲಿಗೇ ನಿಲ್ಲುವುದಿಲ್ಲ. ಪ್ರೊಪೇನ್‌ನ ಆಕ್ಟೇನ್ 100ಕ್ಕೂ ಮೇಲೆ. ಅಮೆರಿಕದ ಸಾಮಾನ್ಯ ಪೆಟ್ರೋಲಿನದು 87. ಆಕ್ಟೇನ್ ಹೆಚ್ಚಿದ್ದಷ್ಟೂ ಕಂಪ್ರೆಷನ್ ಏರಿಸಬಹುದು, ಆದರೆ ಹಳೆಯ ಟ್ರಕ್ ಎಂಜಿನ್‌ಗಳಲ್ಲಿ ಅದು ಎಂಟರ ಆಸುಪಾಸಿನಲ್ಲಿರುತ್ತದೆ. ಎಂಜಿನ್ ಬಿಚ್ಚುವ ಸಂದರ್ಭ ಬಂದರೆ ಪಿಸ್ಟನ್ ಬದಲಿಸಿ ಅದನ್ನು ಹತ್ತರ ಮೇಲಕ್ಕೆ ಒಯ್ಯುತ್ತಾರೆ, ಕಳೆದುಕೊಂಡ ಬಲದ ಬಹುಪಾಲು ಅಲ್ಲೇ ವಾಪಸ್ಸು ಬರುತ್ತದೆ. ಪೆಟ್ರೋಲ್ ಆವಿಯಾಗಲೆಂದು ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೈಲೆನ್ಸರ್ ಕಡೆಯ ಬಿಸಿ ತಾಗುವಂತೆ ಮಾಡಿರುತ್ತಾರೆ. ಮೊದಲೇ ಆವಿಯಾಗಿ ಬರುವ ಪ್ರೊಪೇನ್‌ಗೆ ಆ ಬಿಸಿ ಬೇಡ, ಅದನ್ನು ತಪ್ಪಿಸುತ್ತಾರೆ. ಟೈಮಿಂಗ್ ವಿಚಾರ ಇನ್ನೂ ಸೂಕ್ಷ್ಮ. ಐಡ್ಲಿಂಗಿನಲ್ಲಿ ಕಿಡಿ ಪೆಟ್ರೋಲಿಗಿಂತ ತುಸು ಮುಂಚೆ ಬೇಕು, ಎಂಜಿನ್ ಜೋರಾಗಿ ತಿರುಗುವಾಗ ಒಟ್ಟು ಅಡ್ವಾನ್ಸ್ ಪೆಟ್ರೋಲಿಗಿಂತ ಕಡಿಮೆ ಸಾಕು. ಬರೀ ಡಿಸ್ಟ್ರಿಬ್ಯೂಟರ್ ತಿರುಗಿಸಿದರೆ ಇವೆರಡೂ ಒಟ್ಟಿಗೆ ಸಿಗುವುದಿಲ್ಲ. ಅದನ್ನು ಬಿಚ್ಚಿ, ಒಳಗಿನ ತೂಕದ ಬಿಲ್ಲೆಗಳ ಓಡಾಟಕ್ಕೆ ತಡೆ ಹಾಕಬೇಕು. ಪ್ಲಗ್ ವೈರು ಹಳತಾಗಿದ್ದರೆ ಬದಲಿಸಲೇಬೇಕು. ಮ್ಯಾನಿಫೋಲ್ಡ್ ತುಂಬ ಒಣ ಅನಿಲ ಇರುವಾಗ ಒಂದು ದಾರಿತಪ್ಪಿದ ಕಿಡಿ ಏರ್ ಕ್ಲೀನರನ್ನು ಹಾರಿಸಬಲ್ಲದು.

ಇಷ್ಟು ಮಾಡಿದ ಎಂಜಿನ್ ಕೊಡುವ ಪ್ರತಿಫಲ ದೊಡ್ಡದು. ತಣ್ಣಗಿದ್ದಾಗ ಹಸಿ ಪೆಟ್ರೋಲ್ ಸಿಲಿಂಡರಿನ ಗೋಡೆ ತೊಳೆದು ಆಯಿಲ್ಲಿಗೆ ಇಳಿಯುವ ಕಾಟ ಇಲ್ಲ. ಆಯಿಲ್ ಬಹುಕಾಲ ಹೊಂಬಣ್ಣದಲ್ಲೇ ಇರುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುವುದಿಲ್ಲ. ಆರು ತಿಂಗಳು ಶೆಡ್ಡಿನಲ್ಲಿ ನಿಂತರೂ ಇಂಧನ ಹಳಸುವುದಿಲ್ಲ, ಅಂಟುಗಟ್ಟುವುದಿಲ್ಲ. ಸುಗ್ಗಿಯಲ್ಲಿ ಮಾತ್ರ ಹೊರಗೆ ಬರುವ ಹೊಲದ ಟ್ರಕ್ಕಿಗೆ ಇದಕ್ಕಿಂತ ಒಳ್ಳೆಯ ಗುಣ ಇನ್ನೇನು ಬೇಕು?

ಅಂಗಳದ ಟ್ಯಾಂಕಿನ ಪ್ರೊಪೇನ್ ಸಾಮಾನ್ಯವಾಗಿ ಎಚ್‌ಡಿ-5 ದರ್ಜೆಯದು, ಅಂದರೆ ಕನಿಷ್ಠ ಶೇ. 90 ಪ್ರೊಪೇನ್. ನಮ್ಮ ಬೆಂಗಳೂರಿನ ಆಟೊಗಳು ಹಾಕಿಸಿಕೊಳ್ಳುವ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಬೆಂಗಳೂರಿನ ಡಿಸೆಂಬರಿಗೆ ಅದು ಲೆಕ್ಕಕ್ಕಿಲ್ಲ, ಆದರೆ ಕಾನ್ಸಸ್‌ನ ಜನವರಿಯಲ್ಲಿ ನಮ್ಮ ಮಿಶ್ರಣ ನಡೆಯದು.

ಕಿಟ್ ಕೊಳ್ಳುವ ಮುಂಚೆ ನೋಡಲೇಬೇಕಾದ ಜಾಗ ಒಂದಿದೆ, ಸಿಲಿಂಡರ್ ಹೆಡ್. 1960ರ ದಶಕದ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲನ್ನು ನಂಬಿ ತಯಾರಾದವು. ಎಗ್ಸಾಸ್ಟ್ ವಾಲ್ವಿಗೂ ಅದು ಕೂರುವ ಸೀಟಿಗೂ ನಡುವೆ ಸೀಸದ ತೆಳುಪದರ ನಿಂತು ಸವೆತ ತಡೆಯುತ್ತಿತ್ತು. ಪ್ರೊಪೇನ್‌ನಲ್ಲಿ ಸೀಸವಿಲ್ಲ. ಆ ಪದರ ಇಲ್ಲವಾದರೆ ಕೆಂಪಗೆ ಕಾದ ವಾಲ್ವ್ ಪ್ರತಿ ಬಡಿತಕ್ಕೂ ಬೀಡುಕಬ್ಬಿಣದ ಸೀಟಿನಿಂದ ಕಣಕಣ ಕಿತ್ತುಕೊಳ್ಳುತ್ತ ಒಳಗಿಳಿಯುತ್ತದೆ. ಟ್ಯಾಪೆಟ್ ಗ್ಯಾಪ್ ಮುಗಿದ ದಿನ ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಇದನ್ನು ಪ್ರೊಪೇನ್ ತಲೆಗೆ ಕಟ್ಟುವವರು ಬಹಳ. ಸೀಸವಿಲ್ಲದ ಪೆಟ್ರೋಲೂ ಅಂಥ ಹೆಡ್ಡಿಗೆ ಇದೇ ಗತಿ ತರುತ್ತದೆ. ಹೆಡ್ ಇಳಿಸಿ, ಹಳೆಯ ಸೀಟು ಕೊರೆದು, ಗಟ್ಟಿ ಲೋಹದ ಸೀಟು ಕೂರಿಸುವ ಖರ್ಚನ್ನು ಲೆಕ್ಕಕ್ಕೆ ಹಿಡಿದ ಮೇಲೆಯೇ ಗ್ಯಾಸ್ ಟ್ಯಾಂಕಿಗೆ ಬೆಲೆ ಕೇಳಬೇಕು.