ಸದ್ದು ಹೆಚ್ಚಿತು, ಶಕ್ತಿ?

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಹೋದ ಸ್ವಿಫ್ಟ್ ಮಾಲೀಕರ ಕಣ್ಣು ಮೊದಲು ಬೀಳುವುದು ಕೋನ್ ಆಕಾರದ ಏರ್ ಫಿಲ್ಟರ್ ಮೇಲೆ. ಅದನ್ನು ಹಾಕಿಸಿ ಆಕ್ಸಿಲರೇಟರ್ ತುಳಿದರೆ ಎಂಜಿನ್ ಗುಟುರು ಹಾಕುತ್ತದೆ, ಗಾಡಿ ಹಾರಿದಂತೆ ಅನಿಸುತ್ತದೆ. ಸ್ಟಾಪ್‌ವಾಚ್ ಹಿಡಿದು ನೋಡಿದಾಗ ಮಾತ್ರ ಉತ್ಸಾಹ ಇಳಿಯುತ್ತದೆ.

2018ರ ಪೆಟ್ರೋಲ್ ಸ್ವಿಫ್ಟ್‌ನ ಎಂಜಿನ್ 1,197 ಸಿ.ಸಿ.ಯದು. 6,000 ಆರ್‌ಪಿಎಂನಲ್ಲಿ ಅದರ ಶಕ್ತಿ 83 ಪಿಎಸ್. ಫೋರ್ ಸ್ಟ್ರೋಕ್ ಆದ್ದರಿಂದ ಎರಡು ಸುತ್ತಿಗೊಮ್ಮೆ ಅಷ್ಟೂ ಸಿ.ಸಿ. ಗಾಳಿ ಒಳಗೆ ಹೋಗಬೇಕು. ಲೆಕ್ಕ ಹಾಕಿದರೆ ನಿಮಿಷಕ್ಕೆ ಸುಮಾರು 3,600 ಲೀಟರ್, ಅಂದರೆ ಹೆಚ್ಚುಕಡಿಮೆ 4 ಕೆ.ಜಿ. ಗಾಳಿ! ಒಂದು ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು, ಕಷ್ಟವಿರುವುದು ಗಾಳಿ ತುಂಬುವುದರಲ್ಲಿ. ಕಮ್ಮಾರ ತಿದಿ ಒತ್ತುವುದೂ ಇದೇ ಕಾರಣಕ್ಕೆ.

ಕಂಪನಿಯ ಫಿಲ್ಟರ್ ಚೊಕ್ಕವಾಗಿದ್ದರೆ ಗಾಳಿಗೆ ಅದರಿಂದ ದೊಡ್ಡ ಅಡ್ಡಿಯೇನಿಲ್ಲ. ಬಾನೆಟ್ ಕೆಳಗೆ ತೆರೆದು ಕೂತ ಕೋನ್ ಎಂಜಿನ್ನಿನ ಬಿಸಿಗಾಳಿಯನ್ನೇ ಸೇದುತ್ತದೆ. 35 ಡಿಗ್ರಿಯ ಗಾಳಿ 60 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಶೇ 7ರಷ್ಟು ಇಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಂತೂ ಗಾಳಿಯ ಒತ್ತಡ ಮೊದಲೇ ಮಂಗಳೂರಿಗಿಂತ ಶೇ 10ರಷ್ಟು ಕಡಿಮೆ.

ಹಾಗಾದರೆ ಪುಟ್ಟ ಎಂಜಿನ್ನಿನಿಂದ ಹೆಚ್ಚು ಶಕ್ತಿ ತೆಗೆದವರೇ ಇಲ್ಲವೇ? ಇದ್ದಾರೆ. ಬ್ರಿಟನ್ನಿನ ಮೂಲ ಮಿನಿ ಕಾರಿನದು 848 ಸಿ.ಸಿ., 34 ಅಶ್ವಶಕ್ತಿ. ರೇಸ್ ಕಾರುಗಳ ಜಾನ್ ಕೂಪರ್ ಕೈಯಾಡಿಸಿದ ಮೇಲೆ, 1961ರಲ್ಲಿ, ಅದು 997 ಸಿ.ಸಿ., 55 ಅಶ್ವಶಕ್ತಿಯ ಮಿನಿ ಕೂಪರ್ ಆಯಿತು. ಗಾತ್ರ ಹಿಗ್ಗಿದ್ದು ಶೇ 18, ಶಕ್ತಿ ಏರಿದ್ದು ಶೇ 60ಕ್ಕೂ ಹೆಚ್ಚು. ಎರಡು ಕಾರ್ಬ್ಯುರೇಟರ್, ಅಗಲವಾದ ವಾಲ್ವ್, ಹೆಚ್ಚಿದ ಕಂಪ್ರೆಷನ್: ಉಸಿರಾಟ ಸಲೀಸಾಯಿತು, ಎಂಜಿನ್ ಇನ್ನೂ ವೇಗವಾಗಿ ತಿರುಗಿತು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕುವುದನ್ನು ಕೂಪರ್ ಮರೆಯಲಿಲ್ಲ. 1964ರ ಮಾಂಟೆ ಕಾರ್ಲೊ ರ‍್ಯಾಲಿಯನ್ನು ಪ್ಯಾಡಿ ಹಾಪ್‌ಕರ್ಕ್ ಗೆದ್ದದ್ದು ಇದೇ ತಳಿಯ ಕೂಪರ್ ಎಸ್‌ನಲ್ಲಿ.

ಇಂದಿನ ಸ್ವಿಫ್ಟ್ ಮಾಲೀಕರಿಗೆ ಆ ಭಾಗ್ಯವಿಲ್ಲ. ಸಿಲಿಂಡರಿಗೆ ನಾಲ್ಕು ವಾಲ್ವ್, ಅವು ತೆರೆಯುವ ಹೊತ್ತನ್ನೇ ಹೊಂದಿಸುವ ವಿವಿಟಿ, ಕಂಪ್ಯೂಟರ್ ಅಳೆದು ಸಿಂಪಡಿಸುವ ಇಂಧನ: ಕೂಪರ್ ಮಾಡಿದ ಕೆಲಸವನ್ನೂ ಅದಕ್ಕಿಂತ ಹೆಚ್ಚನ್ನೂ ಕಾರ್ಖಾನೆಯೇ ಮುಗಿಸಿ ಕಳಿಸಿರುತ್ತದೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಎಂಜಿನ್ನಿಗೆ ಇಸಿಯು ರೀಮ್ಯಾಪ್ (ಆ ಕಂಪ್ಯೂಟರಿನ ಸಾಫ್ಟ್‌ವೇರ್ ತಿದ್ದುವುದು) ಮಾಡಿಸಿದರೆ ಸಿಗುವುದು ಬೆರಳೆಣಿಕೆಯಷ್ಟು ಪಿಎಸ್. ಪೆಡಲ್ ಚುರುಕಾಗಿಸುವ ಪೆಟ್ಟಿಗೆಯಿಂದ ಅದೂ ಇಲ್ಲ.

ಟರ್ಬೋ ಇದ್ದರೆ ಕಥೆಯೇ ಬೇರೆ. ಅಲ್ಲಿ ಗಾಳಿಯ ಒತ್ತಡ ಸಾಫ್ಟ್‌ವೇರ್ ಕೈಯಲ್ಲಿರುತ್ತದೆ. ಸುಜುಕಿಯ 998 ಸಿ.ಸಿ. ಬೂಸ್ಟರ್‌ಜೆಟ್ 2017ರ ಬಲೆನೊ ಆರ್‌ಎಸ್‌ನಲ್ಲಿ ಕೊಟ್ಟದ್ದು 102 ಪಿಎಸ್, ಯುರೋಪಿನ ಸ್ವಿಫ್ಟ್‌ನಲ್ಲಿ 111. ಒಳ್ಳೆಯ ರೀಮ್ಯಾಪ್‌ನಿಂದ ಇಂಥ ಎಂಜಿನ್ನುಗಳ ಶಕ್ತಿ ಶೇ 20ರವರೆಗೂ ಏರುವುದುಂಟು. ಕ್ಲಚ್ ತಾಳಬೇಕು, ಕಂಪನಿಯ ವಾರಂಟಿಯ ಆಸೆ ಬಿಡಬೇಕು.

ಟರ್ಬೋ ಇಲ್ಲದ ಕಾರಿಗೆ ಟರ್ಬೋ ಕಿಟ್ ಕೂರಿಸುವುದೂ ಸಾಧ್ಯ. ಆದರೆ ಅದರ ಹಿಂದೆಯೇ ಇಂಜೆಕ್ಟರ್, ಕ್ಲಚ್, ಒಮ್ಮೊಮ್ಮೆ ಪಿಸ್ಟನ್ ಕೂಡ ಬದಲಾಗಬೇಕು. ಆ ಖರ್ಚಿಗೆ ಹೋಲಿಸಿದರೆ ಇದ್ದ ಕಾರನ್ನು ಮಾರಿ ಸೆಕೆಂಡ್ ಹ್ಯಾಂಡ್ ಟರ್ಬೋ ಕಾರು ಕೊಳ್ಳುವುದೇ ಅಗ್ಗ. ಕೊಳ್ಳಲು ಮನಸ್ಸಿಲ್ಲದವರು ಹೊಸ ಸ್ಪಾರ್ಕ್ ಪ್ಲಗ್, ಚೊಕ್ಕ ಫಿಲ್ಟರ್, ಸರಿಯಾದ ಟೈರ್ ಗಾಳಿಯಿಂದ ಶುರುಮಾಡಬಹುದು. ಡಿಕ್ಕಿಯಲ್ಲಿರುವ 45 ಕೆ.ಜಿ. ಸಬ್‌ವೂಫರ್ ಇಳಿಸಿದರೆ 900 ಕೆ.ಜಿ. ಕಾರಿನ ತೂಕದಲ್ಲಿ ಶೇ 5 ಉಳಿಯುತ್ತದೆ, ಅದೂ ಬಿಡಿಗಾಸು ಖರ್ಚಿಲ್ಲದೆ.