ತೆಂಗಿನ ಕಾಡಿನ ಪೇಟೆ: ತಿಪಟೂರಿಗೆ ಮನೌಸ್ ಹೇಳೋ ಪಾಠ

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಎರಡು ಊರುಗಳ ಕಥೆ. ಒಂದು, ಬ್ರೆಜಿಲ್‌ನ ಅಮೆಜಾನ್ ಕಾಡಿನ ನಡುವೆ ಇರೋ ಮನೌಸ್. ಇನ್ನೊಂದು, ನಮ್ಮ ತಿಪಟೂರು.

ತಿಪಟೂರಲ್ಲಿ ಕಾಡೆಲ್ಲಿದೆ ಅಂತೀರಾ? ಬೆಂಗಳೂರಿಂದ ಅರಸೀಕೆರೆ ಕಡೆ ಹೋಗೋ ರೈಲು ಹತ್ತಿ. ಗುಬ್ಬಿ ದಾಟಿದ ಮೇಲೆ ಕಿಟಕಿಯಾಚೆ ತೆಂಗೋ ತೆಂಗು. ಜನ ನೆಟ್ಟು ಬೆಳೆಸಿದ ಕಾಡು ಅದು.

ಆ ಕಾಡಿನ ಪೇಟೆ ತಿಪಟೂರು. ಇಲ್ಲಿನ ಎಪಿಎಂಸಿಯಲ್ಲಿ ಬಿಕರಿಯಾಗೋದು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು-ಹನ್ನೆರಡು ತಿಂಗಳು ಬಿಡ್ತೀವಿ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೆಡದಂತೆ ತೆಗೀಬೇಕು. ಅಲ್ಲಿಂದ ಅದು ಉತ್ತರ ಭಾರತದ ಸಿಹಿತಿಂಡಿಗೂ ಪೂಜೆಗೂ ಹೋಗುತ್ತೆ.

ಪೇಟೆ ಅಂದ್ಮೇಲೆ ದಾರಿ ಬೇಕಲ್ವಾ? ಬಿ.ಎಚ್. ರಸ್ತೆಯಲ್ಲಿ ತಿಪಟೂರಿಗೆ ಮುಂಚೆ ಕಿಬ್ಬನಹಳ್ಳಿ ಕ್ರಾಸ್ ಸಿಗುತ್ತೆ. ಒಂದು ಕಡೆ ತಿರುಗಿದರೆ ತುರುವೇಕೆರೆ, ಇನ್ನೊಂದು ಕಡೆ ಚಿಕ್ಕನಾಯಕನಹಳ್ಳಿ. ತುರುವೇಕೆರೆ, ಅರಳಗುಪ್ಪೆಯ ಹೊಯ್ಸಳ ಗುಡಿಗಳನ್ನು ನೋಡೋಕೆ ಬರೋರೂ ಇದೇ ದಾರೀಲಿ ಬರಬಹುದು.

ಈಗ ಮನೌಸ್‌ಗೆ ಬನ್ನಿ. ಆ ಊರು ಕಾಡಿನ ರಬ್ಬರ್ ಹಾಲಿನ ಮೇಲೆ ಮೆರೆದಿತ್ತು. 1896ರಲ್ಲಿ ಕಾಡಿನ ಮಧ್ಯೆ ಒಪೆರಾ ಮನೆ ತೆರೆದರು. ಆದರೆ ಅದಕ್ಕೂ ಮೊದಲೇ, 1876ರಲ್ಲಿ, ಹೆನ್ರಿ ವಿಕ್‌ಹ್ಯಾಮ್ ಅನ್ನೋ ಇಂಗ್ಲಿಷಿನವನು ರಬ್ಬರ್ ಬೀಜಗಳನ್ನು ಲಂಡನ್‌ಗೆ ಸಾಗಿಸಿಬಿಟ್ಟಿದ್ದ. ಅದರಿಂದ ಸಿಲೋನ್, ಮಲಯದಲ್ಲಿ ತೋಟಗಳೆದ್ದವು. 1910ರ ನಂತರ ಆ ಅಗ್ಗದ ರಬ್ಬರ್ ಎದುರು ಮನೌಸ್ ನೆಲಕಚ್ಚಿತು. ಪುನಃ ಎದ್ದಿದ್ದು 1967ರ ಮುಕ್ತ ವ್ಯಾಪಾರ ವಲಯದಿಂದ. ಈಗ ಅಲ್ಲಿ ಬೈಕು, ಟಿ.ವಿ. ತಯಾರಾಗುತ್ತೆ.

ಈ ಕಥೆ ನನಗ್ಯಾಕೆ ನಾಟಿತು ಅಂದ್ರೆ, 2023ರಲ್ಲಿ ನಮ್ಮನೆ ಅಟ್ಟ ತುಂಬಿತ್ತು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ, ಮಾರುಕಟ್ಟೆ ದರ ಅದಕ್ಕಿಂತ ಎಷ್ಟೋ ಕೆಳಗೆ. ನನ್ನ ಫೀಸು ಕಟ್ಟೋಕೆ ಅಪ್ಪ ಸಿಕ್ಕಿದ ರೇಟಿಗೆ ಕೊಟ್ಟರು. 2025ರಲ್ಲಿ ದರ 20 ಸಾವಿರ ದಾಟಿತು. ಆಗ ನಮ್ಮ ಅಟ್ಟದಲ್ಲಿ ಕಾಯೇ ಇರಲಿಲ್ಲ! ಕೊಬ್ಬರಿ ಸಹವಾಸ ಸಾಕು ಅಂತ ಮರದಲ್ಲಿದ್ದಾಗಲೇ ಎಳನೀರಿಗೆ ಕೊಟ್ಟಿದ್ವಿ.

ತಪ್ಪು ಅಪ್ಪಂದಾ? ನನಗೆ ಹಾಗನ್ಸಲ್ಲ. ಕಾಯಿ ಅಟ್ಟದಲ್ಲಿ ಒಂದು ವರ್ಷ ಕಾಯುತ್ತೆ, ಫೀಸು ಒಂದು ತಿಂಗಳೂ ಕಾಯಲ್ಲ. ಒಂದೇ ಬೆಳೆ ನಂಬಿದ ಮನೆಗೂ, ಊರಿಗೂ ಇರೋ ಕಷ್ಟ ಇದೇ.

ಹಾಗಂತ ತೆಂಗು ಕಡೀಬೇಕಿಲ್ಲ. ನಾರು, ಚಿಪ್ಪಿನ ಇದ್ದಿಲು, ಎಣ್ಣೆ, ಮರಗಳ ನಡುವೆ ಬಾಳೆ, ಮೆಣಸು: ದುಡ್ಡು ಬರೋ ದಾರಿ ನಾಲ್ಕಿರಬೇಕು. ಮನೌಸ್ ಬಿದ್ದ ಮೇಲೆ ಕಲೀತು. ನಾವು ಬೀಳೋಕೆ ಮುಂಚೆ ಕಲೀಬಹುದು.

ಅಂದಹಾಗೆ, ಈ ಸಲ ಅಪ್ಪ ಅರ್ಧ ಕಾಯಿ ಎಳನೀರಿಗೆ ಕೊಟ್ಟು, ಇನ್ನರ್ಧ ಅಟ್ಟಕ್ಕೆ ಹಾಕಿದ್ದಾರೆ. ನಿಮ್ಮ ಮನೇಲಿ ಏನು ಮಾಡಿದ್ರಿ?