ಡಿಗ್ರಿ ಆಯ್ತು, ಮುಂದಿನ ಓದಿಗೆ ಸೇನೆಯ ಸಂಬಳ ಸಾಕಾದೀತೇ?

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಸುಮಾರು 120 ವರ್ಷ ಗಣಿಯ ಸೈರನ್ ಕೇಳಿ ಎದ್ದು ಮಲಗಿದ ಊರು ಅದು. ಅಪ್ಪನ ಕೆಲಸ ಮಗನಿಗೆ ಅನ್ನುವ ಧೈರ್ಯ ಒಂದೇ ದಿನದಲ್ಲಿ ಹೋಯಿತು. ಈಗ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ಜಾವವೇ ಜನ ತುಂಬುತ್ತಾರೆ. ರೈಲು ಬಂಗಾರಪೇಟೆಗೆ ಬಂದು, ಅಲ್ಲಿಂದ ಬೆಂಗಳೂರಿಗೆ. ರಾತ್ರಿ ಅದೇ ದಾರಿಯಲ್ಲಿ ವಾಪಸು. ನಮ್ಮ ಕರಾವಳಿಯ ಮನೆಗಳಿಗೆ ಗಲ್ಫ್ ಹೇಗೋ, ಕೆಜಿಎಫ್‌ನ ಮನೆಗಳಿಗೆ ಬೆಂಗಳೂರಿನ ರೈಲು ಹಾಗೆ.

ಎರಡೂ ಕಡೆ ಕಷ್ಟ ಒಂದೇ. ಮಗ ಬಿ.ಕಾಂ. ಅಥವಾ ಬಿ.ಎಸ್ಸಿ. ಮುಗಿಸುತ್ತಾನೆ. ಓದುವ ಆಸೆ ಇದೆ, ಅಂಕವೂ ಇದೆ. ಆದರೆ ಮನೆಯಲ್ಲಿ ದುಡ್ಡಿಲ್ಲ. ಬ್ಯಾಂಕ್ ಸಾಲ ತೆಗೆದರೆ ಬಡ್ಡಿ. ಅದು ನಮ್ಮ ಎಷ್ಟೋ ಮನೆಗಳಲ್ಲಿ ಉಪ್ಪ ಒಪ್ಪದ ಮಾತು. ಕೊನೆಗೆ ಹುಡುಗ ಅಂಗಡಿಗೋ ವೀಸಾಕ್ಕೋ ಹೋಗುತ್ತಾನೆ, ಓದು ಅಲ್ಲಿಗೇ ನಿಲ್ಲುತ್ತದೆ. ಕೆಜಿಎಫ್, ಬಂಗಾರಪೇಟೆ ಕಡೆ ಇನ್ನೊಂದು ಮಾತೂ ಕೇಳಿಬರುತ್ತದೆ: ಮಿಲಿಟರಿಗೆ ಸೇರಿದರೆ ಹೇಗೆ? ಸೇನೆಗೆ ಯಂತ್ರ ಮಾಡಿಕೊಡುವ ಬೆಮೆಲ್ ಕಾರ್ಖಾನೆ ಇರುವ ಊರಿಗೆ ರಕ್ಷಣಾ ಇಲಾಖೆ ದೂರದ್ದಲ್ಲ. ನಾಲ್ಕು ವರ್ಷ ದುಡಿದು ಬಂದು ಆ ದುಡ್ಡಲ್ಲಿ ಎಂ.ಬಿ.ಎ. ಮಾಡಬಹುದಲ್ವಾ ಅನ್ನುವುದು ಆ ಲೆಕ್ಕ. ಈ ಲೆಕ್ಕ ಎಷ್ಟು ಸರಿ? ಮನೆಯಲ್ಲಿ ಕೂತು ನೋಡಬೇಕಾದ ವಿಷಯ ಇದು.

ಮೊದಲು ಒಂದು ತಪ್ಪು ಕಲ್ಪನೆ

ಅಮೆರಿಕದಲ್ಲಿ 1944ರಿಂದ ಜಿಐ ಬಿಲ್ ಎಂಬ ಕಾನೂನು ಇದೆ. ಸೇನೆಯಲ್ಲಿ ಇಂತಿಷ್ಟು ವರ್ಷ ಇದ್ದು ಬಂದವರ ಕಾಲೇಜು ಶುಲ್ಕವನ್ನು ಸರಕಾರವೇ ಕಟ್ಟುತ್ತದೆ. ಸಿನಿಮಾ, ಯೂಟ್ಯೂಬ್ ನೋಡಿ ನಮ್ಮಲ್ಲೂ ಹಾಗೇ ಇದೆ ಅಂದುಕೊಳ್ಳುವ ಹುಡುಗರಿದ್ದಾರೆ. ನಮ್ಮ ದೇಶದಲ್ಲಿ ಅಂಥ ಕಾನೂನಿಲ್ಲ. ಇಲ್ಲಿ ಸೇನೆ ಕೊಡುವುದು ಸಂಬಳ. ಅದರಲ್ಲಿ ಉಳಿಸಿದ್ದು ಓದಿಗೆ. ಹಾಗಾಗಿ ಯಾವ ಬಾಗಿಲಿನಿಂದ ಒಳಗೆ ಹೋಗುತ್ತೀರಿ ಅನ್ನುವುದೇ ಮುಖ್ಯ.

ಅಗ್ನಿವೀರ: ನಾಲ್ಕು ವರ್ಷದ ದುಡ್ಡು

ಅಗ್ನಿಪಥ ಯೋಜನೆ ಪ್ರಕಟವಾದದ್ದು 2022ರ ಜೂನ್ 14ರಂದು. ತಿಂಗಳಿಗೆ ಮೊದಲ ವರ್ಷ 30,000, ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000 ರೂಪಾಯಿ. ಇದರಲ್ಲಿ ಶೇ. 30 ಸೇವಾ ನಿಧಿಗೆ ಹೋಗುತ್ತದೆ. ಕೈಗೆ ಬರುವುದು 21,000, 23,100, 25,550 ಮತ್ತು 28,000. ಊಟ, ವಸತಿ, ಬಟ್ಟೆ ಸೇನೆಯದ್ದೇ.

ನಾಲ್ಕು ವರ್ಷದಲ್ಲಿ ಹುಡುಗನ ಪಾಲು 5.02 ಲಕ್ಷ. ಸರಕಾರವೂ ಅಷ್ಟೇ ಹಾಕುತ್ತದೆ. ಬಡ್ಡಿ ಸೇರಿ ಹೊರಗೆ ಬರುವಾಗ ಸುಮಾರು 11.71 ಲಕ್ಷ, ಅದಕ್ಕೆ ಆದಾಯ ತೆರಿಗೆ ಇಲ್ಲ. ಕೈಗೆ ಬಂದ ಸಂಬಳ ಕೂಡಿಸಿದರೆ ಅದೂ ಹತ್ತಿರ ಹತ್ತಿರ 11.7 ಲಕ್ಷವೇ. ಅಂದರೆ ಒಟ್ಟು 23 ಲಕ್ಷದ ಮಾತು. ನಿಧಿಯಲ್ಲಿ ಬಡ್ಡಿಯ ಭಾಗ ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅದನ್ನು ಏನು ಮಾಡಬೇಕು ಅಂತ ಉಸ್ತಾದರಲ್ಲಿ ಕೇಳಿಕೊಳ್ಳಬಹುದು. ಮೂಲ ಹಣ ಮಾತ್ರ ದುಡಿದದ್ದೇ.

ಈಗ ಇನ್ನೊಂದು ಬದಿ. ನಾಲ್ಕು ವರ್ಷದ ನಂತರ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ. 25 ಮಂದಿಯನ್ನು. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕರ ಸ್ಥಾನವೂ ಇಲ್ಲ. ವಿಶೇಷ ಕಾರಣ ಇಲ್ಲದೆ ಮಧ್ಯದಲ್ಲಿ ಬಿಟ್ಟು ಬರಲು ಬಿಡುವುದಿಲ್ಲ. ಆ ನಾಲ್ಕು ವರ್ಷ ಮದುವೆಯೂ ಆಗುವಂತಿಲ್ಲ. ಮೊದಲ ತಂಡಗಳ ತರಬೇತಿ ಶುರುವಾದದ್ದು 2022ರ ಕೊನೆ ಮತ್ತು 2023ರ ಆರಂಭದಲ್ಲಿ. ಹೊರಗೆ ಬಂದವರ ಕತೆ ಏನಾಗುತ್ತದೆ ಅನ್ನುವ ಪಾಠಕ್ಕೆ 2026-27ರವರೆಗೆ ಕಾಯಲೇಬೇಕು.

ಡಿಗ್ರಿ ಮಾಡಿದವನಿಗೆ ಇನ್ನೂ ಒಂದು ತೊಡಕು, ವಯಸ್ಸು. ಯೋಜನೆ ಶುರುವಾದದ್ದೇ 17½ರಿಂದ 21 ವರ್ಷದ ಮಿತಿಯಲ್ಲಿ. ಮೊದಲ ವರ್ಷ ಮಾತ್ರ 23ಕ್ಕೆ ಸಡಿಲಿಸಿದ್ದರು. ಪದವಿಯ ಕೊನೆಯ ಪರೀಕ್ಷೆ ಬರೆಯುವಾಗಲೇ ನಮ್ಮ ಹುಡುಗರಿಗೆ 20 ದಾಟಿರುತ್ತದೆ. ಒಂದು ವರ್ಷ ಫೇಲಾದರೆ, ಒಂದು ವರ್ಷ ಅಂಗಡಿಯಲ್ಲಿ ಕೂತರೆ ಮುಗೀತು. ಮಿತಿ ಬದಲಾಗಬಹುದು, ಆಯಾ ವರ್ಷದ ಅಧಿಸೂಚನೆ ನೋಡಿಯೇ ಮುಂದುವರಿಯಬೇಕು.

ಹಾಗಾದರೆ ಈ ಬಾಗಿಲು ಯಾರಿಗೆ? ಪಿಯುಸಿ ಮುಗಿಸಿ ಪದವಿಗೂ ದುಡ್ಡಿಲ್ಲದವನಿಗೆ. ಒಬ್ಬ 18ಕ್ಕೆ ಸೇರಿದ ಎಂದಿಟ್ಟುಕೊಳ್ಳಿ. ಸೇವೆಯ ತರಬೇತಿಯನ್ನೇ ಅರ್ಧದಷ್ಟು ಕ್ರೆಡಿಟ್ ಎಂದು ಪರಿಗಣಿಸುವ ಪದವಿಯನ್ನು ಇಗ್ನೋ ಅಗ್ನಿವೀರರಿಗಾಗಿಯೇ ರೂಪಿಸಿದೆ. 22ಕ್ಕೆ ಅವನು ಪದವಿ ಮತ್ತು ದುಡ್ಡು ಎರಡನ್ನೂ ಹಿಡಿದು ಹೊರಬರಬಹುದು. ಸ್ನಾತಕೋತ್ತರ ಓದಲು ಅದು ತಡವಾದ ವಯಸ್ಸಲ್ಲ. ಅದೇ 21ಕ್ಕೆ ಬಿ.ಎ. ಮುಗಿಸಿ ಸೇರಿದವನು ಹೊರಬರುವುದು 25ಕ್ಕೆ. ಡಿಗ್ರಿ ಇದ್ದೂ ಪಿಯುಸಿ, ಎಸೆಸೆಲ್ಸಿಯವರ ಹುದ್ದೆಯಲ್ಲೇ ದುಡಿದಿರುತ್ತಾನೆ.

ಪದವೀಧರನಿಗೆ ಇರುವುದು ಅಧಿಕಾರಿಯ ಬಾಗಿಲು

ನಮ್ಮ ಮನೆಗಳಲ್ಲಿ ಮಿಲಿಟರಿ ಅಂದರೆ ಸಿಪಾಯಿ ಅಂತಲೇ ಲೆಕ್ಕ. ಪದವಿ ಇದ್ದವನು ನೋಡಬೇಕಾದದ್ದು ಶಾರ್ಟ್ ಸರ್ವಿಸ್ ಕಮಿಷನ್. ಇದಕ್ಕೆ ಮೂರು ದಾರಿ ಮುಖ್ಯ. ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುವ ಸಿಡಿಎಸ್ ಪರೀಕ್ಷೆ ಒಂದು. ಎನ್‌ಸಿಸಿ ಸಿ ಸರ್ಟಿಫಿಕೇಟ್‌ನಲ್ಲಿ ಕನಿಷ್ಠ ಬಿ ಗ್ರೇಡ್, ಪದವಿಯಲ್ಲಿ ಶೇ. 50 ಅಂಕ ಇದ್ದವರಿಗೆ ಲಿಖಿತ ಪರೀಕ್ಷೆಯೇ ಇಲ್ಲದ ವಿಶೇಷ ಪ್ರವೇಶ ಇನ್ನೊಂದು. ಅದಕ್ಕೆ ವಯಸ್ಸು 19ರಿಂದ 25. ಎಂಜಿನಿಯರಿಂಗ್ ಮಾಡಿದವರಿಗೆ ಟೆಕ್ನಿಕಲ್ ಪ್ರವೇಶ ಮೂರನೆಯದು. ಅಲ್ಲಿ 20ರಿಂದ 27.

ಯಾವ ದಾರಿಯಲ್ಲಿ ಹೋದರೂ ಎಸ್‌ಎಸ್‌ಬಿ ಎಂಬ ಐದು ದಿನದ ಆಯ್ಕೆ ದಾಟಲೇಬೇಕು. ದಕ್ಷಿಣದ ಆಯ್ಕೆ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಬಂಗಾರಪೇಟೆಯವನಿಗೆ ಒಂದು ರೈಲು, ಮಂಗಳೂರಿನವನಿಗೆ ಒಂದು ರಾತ್ರಿ ಬಸ್ಸು. ಅಲ್ಲಿ ನೋಡುವುದು ಬರೀ ಓಟವಲ್ಲ. ಗುಂಪಿನಲ್ಲಿ ಹೇಗೆ ಮಾತಾಡುತ್ತಾನೆ, ಕಷ್ಟ ಬಂದಾಗ ಹೇಗೆ ಯೋಚಿಸುತ್ತಾನೆ ಅಂತ. ಇಂಗ್ಲಿಷಿನಲ್ಲಿ ಅಂಜದೆ ಮಾತಾಡುವ ಅಭ್ಯಾಸ ಬೇಕು. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಇಲ್ಲೇ. ಅದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ.

ತರಬೇತಿಯಲ್ಲಿದ್ದಾಗ ತಿಂಗಳಿಗೆ 56,100 ರೂಪಾಯಿ. ಲೆಫ್ಟಿನೆಂಟ್ ಆದ ಮೇಲೆ ಮೂಲವೇತನ 56,100, ಮಿಲಿಟರಿ ಸರ್ವಿಸ್ ಪೇ 15,500. ತುಟ್ಟಿಭತ್ಯೆ, ಇತರೆ ಭತ್ಯೆ ಬೇರೆ. ಎರಡೇ ವರ್ಷದ ಈ ಮೂಲ ಸಂಬಳ 17 ಲಕ್ಷ ದಾಟುತ್ತದೆ, ಅಗ್ನಿವೀರನ ನಾಲ್ಕು ವರ್ಷದ ಸೇವಾ ನಿಧಿಗಿಂತ ಹೆಚ್ಚು. ಸೇವೆ ಮುಗಿಯುತ್ತಾ ಬಂದಾಗ ರಕ್ಷಣಾ ಇಲಾಖೆಯ ಪುನರ್ವಸತಿ ನಿರ್ದೇಶನಾಲಯ ಅಧಿಕಾರಿಗಳಿಗಾಗಿ ಐಐಎಂಗಳಲ್ಲಿ ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ನಡೆಸುತ್ತದೆ. ಅದರ ಶುಲ್ಕದಲ್ಲಿ ಶೇ. 60 ಸರಕಾರದ್ದು.

ಆದರೆ ಇದರ ಅವಧಿ 10 ವರ್ಷ, ಬೇಕಿದ್ದರೆ ಇನ್ನೂ 4. ಅಂದರೆ ಹೊರಬರುವಾಗ 33-34 ವರ್ಷ. "ಎರಡು ವರ್ಷ ದುಡಿದು ಎಂ.ಎ. ಮಾಡುತ್ತೇನೆ" ಅನ್ನುವವನಿಗೆ ಇದು ಆಗದು. ತನ್ನ ಓದನ್ನು ಹಿಂದಕ್ಕೆ ಹಾಕಿ ತಮ್ಮನನ್ನೋ ತಂಗಿಯನ್ನೋ ಓದಿಸುತ್ತೇನೆ ಅನ್ನುವವನಿಗೆ ಆದೀತು. ಗಲ್ಫಿಗೆ ಹೋದ ನಮ್ಮ ಕಾಕಂದಿರು ಮಾಡಿದ್ದೂ ಅದೇ ಅಲ್ವಾ?

ಓದಿದ ಮೇಲೆ ಸೇವೆ

ವೈದ್ಯ, ನರ್ಸಿಂಗ್ ಓದುವವರಿಗೆ ಸೇನೆಯಲ್ಲಿ ಲೆಕ್ಕ ತಿರುಗುಮುರುಗು. ಮೊದಲು ಓದು, ಆಮೇಲೆ ಸೇವೆ. ಪುಣೆಯ ಎಎಫ್‌ಎಂಸಿಯಲ್ಲಿ ಎಂಬಿಬಿಎಸ್‌ಗೆ ನೀಟ್ ಮೂಲಕ ಆಯ್ಕೆ. ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯ ನರ್ಸಿಂಗ್ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬಿ.ಎಸ್ಸಿ. ನರ್ಸಿಂಗ್. ಅದಕ್ಕೂ ನೀಟ್ ಬೇಕು. ಶುಲ್ಕ ಇಲ್ಲ, ಸ್ಟೈಪೆಂಡ್ ಇದೆ, ನಂತರ ಸೇವೆಯ ಬಾಂಡ್. ಹೆಣ್ಣುಮಕ್ಕಳನ್ನು ಓದಿಸಲು ಮುಂದೆ ಬಂದಿರುವ ನಮ್ಮ ಮನೆಗಳು ನೋಡದೇ ಬಿಟ್ಟ ದಾರಿ ಇದು. ಸಿಡಿಎಸ್, ಎನ್‌ಸಿಸಿ ಪ್ರವೇಶಗಳೂ ಪದವೀಧರ ಹುಡುಗಿಯರಿಗೆ ತೆರೆದಿವೆ.

ಉಮ್ಮ ಕೇಳುವ ಪ್ರಶ್ನೆಗಳು

ನಮಾಝ್, ಊಟ, ಗಡ್ಡ? ಇದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನವಿಲ್ಲ. ಸೇನೆಯಲ್ಲಿ ಎಲ್ಲ ಧರ್ಮದವರ ಪ್ರಾರ್ಥನೆಗೆ ಜಾಗ ಇರುತ್ತದೆ. ಧಾರ್ಮಿಕ ಶಿಕ್ಷಕರ ಹುದ್ದೆಗಳಲ್ಲಿ ಮೌಲ್ವಿಯ ಹುದ್ದೆಯೂ ಇದೆ. ಪದವಿಯ ಜೊತೆ ಅರಬಿಯಲ್ಲಿ ಮೌಲ್ವಿ ಆಲಿಂ ಅಥವಾ ಉರ್ದುವಿನಲ್ಲಿ ಅದೀಬ್ ಆಲಿಂ ಆದವರು ಅರ್ಜಿ ಹಾಕಬಹುದು. ದರ್ಸ್ ಮತ್ತು ಡಿಗ್ರಿ ಎರಡನ್ನೂ ಓದುವ ಹುಡುಗರು ಇದನ್ನು ಗಮನಿಸಬೇಕು. ಗಡ್ಡದ ವಿಷಯದಲ್ಲಿ ಮಾತ್ರ ನಿಯಮ ಬಿಗಿ. ವಾಯುಪಡೆಯ ಸಿಬ್ಬಂದಿಯೊಬ್ಬರ ಪ್ರಕರಣದಲ್ಲಿ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ವಾಯುಪಡೆಯ ನಿರ್ಧಾರವನ್ನೇ ಎತ್ತಿಹಿಡಿಯಿತು. ಸೇರುವ ಮೊದಲೇ ಇದು ಗೊತ್ತಿರಲಿ.

ಜೀವದ ಪ್ರಶ್ನೆಯೂ ಇದೆ. 1948ರಲ್ಲಿ ಹುತಾತ್ಮರಾದ ಬ್ರಿಗೇಡಿಯರ್ ಉಸ್ಮಾನ್, 1965ರಲ್ಲಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಹೆಸರು ಹೇಳುವಾಗ ನಮಗೆ ಹೆಮ್ಮೆ. ಆದರೆ ಇಬ್ಬರೂ ಮನೆಗೆ ಮರಳಲಿಲ್ಲ. ಅಗ್ನಿವೀರನಿಗೆ 48 ಲಕ್ಷದ ವಿಮೆ ಇದೆ, ಅದು ಮಗನಿಗೆ ಬದಲಿಯಲ್ಲ. ಫೀಸಿಗೆ ದುಡ್ಡು ಬೇಕು ಅನ್ನುವ ಒಂದೇ ಕಾರಣಕ್ಕೆ ಸೇರುವ ಕೆಲಸ ಇದಲ್ಲ. ಆ ಬದುಕಿನ ಮೇಲೆ ಮನಸ್ಸೂ ಇರಬೇಕು.

ಮೊದಲು ತಟ್ಟಬೇಕಾದ ಬಾಗಿಲು

ಮುಂದಿನ ಓದಿಗೆ ನಿಜಕ್ಕೂ ಎಷ್ಟು ದುಡ್ಡು ಬೇಕು ಅನ್ನುವುದನ್ನು ಎಷ್ಟೋ ಮನೆಗಳಲ್ಲಿ ಲೆಕ್ಕ ಹಾಕುವುದೇ ಇಲ್ಲ. ಐಐಎಂ ಬೆಂಗಳೂರಿನ ಎರಡು ವರ್ಷದ ಎಂ.ಬಿ.ಎ.ಗೆ ಶುಲ್ಕ 20 ಲಕ್ಷದ ಮೇಲೆ. ಅದಕ್ಕೆ ಸೇವಾ ನಿಧಿ ಅರ್ಧದಷ್ಟೇ. ಆದರೆ ಕೋಲಾರದ ಬೆಂಗಳೂರು ಉತ್ತರ ವಿವಿಯಲ್ಲೋ ನಮ್ಮ ಕೊಣಾಜೆಯ ಮಂಗಳೂರು ವಿವಿಯಲ್ಲೋ ಮೆರಿಟ್ ಸೀಟಿನ ಎಂ.ಎ., ಎಂ.ಕಾಂ.ಗೆ ಲಕ್ಷಗಳ ಮಾತು ಬರುವುದಿಲ್ಲ. ಅದಕ್ಕಾಗಿ ನಾಲ್ಕು ವರ್ಷ ಕೊಡಬೇಕಾಗಿಲ್ಲ. ಗೇಟ್ ಪಾಸಾಗಿ ಎಂ.ಟೆಕ್. ಸೇರಿದರೆ ತಿಂಗಳಿಗೆ 12,400 ರೂಪಾಯಿ. ಸಂಶೋಧನೆಗೆ ಜೆಆರ್‌ಎಫ್ ಸಿಕ್ಕರೆ 37,000. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿದ್ದರಿಂದ ಈ ಪರೀಕ್ಷೆಗಳ ತಯಾರಿ ಈಗ ಇನ್ನೂ ಅಗತ್ಯ. ವೃತ್ತಿಪರ ಕೋರ್ಸಿಗೆ ರಾಜ್ಯ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಯನ್ನೂ ವಿಚಾರಿಸಿ.

ಇಷ್ಟೆಲ್ಲ ನೋಡಿದ ಮೇಲೂ ಸೇನೆಯೇ ಸರಿ ಅನ್ನಿಸಿದರೆ ತಯಾರಿ ಪದವಿಯ ಮೊದಲ ವರ್ಷದಲ್ಲೇ ಶುರುವಾಗಲಿ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದರೆ ಆ ವರ್ಷವೇ ಸೇರಿಸಿ, ಸಿ ಸರ್ಟಿಫಿಕೇಟ್ ಕೊನೆಯ ವರ್ಷದಲ್ಲಿ ಹುಡುಕಿದರೆ ಸಿಗದು. ಅಗ್ನಿವೀರಕ್ಕೆ ಮೊದಲು ಆನ್‌ಲೈನ್ ಲಿಖಿತ ಪರೀಕ್ಷೆ, ಆಮೇಲೆ ಓಟ. 1.6 ಕಿ.ಮೀ.ಯನ್ನು ಐದೂವರೆ ನಿಮಿಷದಲ್ಲಿ ಓಡಿದರೆ ಪೂರ್ತಿ 60 ಅಂಕ, 10 ಪುಲ್‌ಅಪ್‌ಗೆ 40. ನಮ್ಮವರಿಗೆ ವಿಶೇಷವಾಗಿ ಒಂದು ಮಾತು: ಆಧಾರ್‌ನಲ್ಲಿ ಮುಹಮ್ಮದ್, ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ಮೊಹಮ್ಮದ್, ಒಂದರಲ್ಲಿ ಮನೆ ಹೆಸರು, ಇನ್ನೊಂದರಲ್ಲಿ ಇಲ್ಲ. ಇಂಥ ವ್ಯತ್ಯಾಸವನ್ನು ಅರ್ಜಿಗೆ ಮೊದಲೇ ಸರಿಮಾಡಿಸಿ. ಕೋಲಾರ ಜಿಲ್ಲೆಯವರಿಗೆ ಬೆಂಗಳೂರಿನಲ್ಲಿ, ಕರಾವಳಿಯವರಿಗೆ ಮಂಗಳೂರಿನಲ್ಲಿ ಸೇನಾ ನೇಮಕಾತಿ ಕಚೇರಿ ಇದೆ. ನೇರವಾಗಿ ಅಲ್ಲೇ ಕೇಳಿ, ಯಾವ ಏಜೆಂಟನ ಕೈಗೂ ದುಡ್ಡು ಕೊಡಬೇಡಿ.

ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಮನೆಗಳನ್ನು ಹಿಡಿದು ನಿಲ್ಲಿಸಿದ್ದು ಮಕ್ಕಳ ಓದು. ಬಂಗಾರಪೇಟೆಯಲ್ಲಾಗಲಿ ಬಂಟ್ವಾಳದಲ್ಲಾಗಲಿ, ಸಮವಸ್ತ್ರ ಆ ಓದಿಗೆ ದಾರಿಯಾದರೆ ಒಳ್ಳೆಯದು. ಓದನ್ನೇ ಮರೆಸುವುದಾದರೆ ಲೆಕ್ಕ ಇನ್ನೊಮ್ಮೆ ಹಾಕಬೇಕು.